ಸೌದೆಯ ರೂಢಿ, ಗ್ಯಾಸಿನ ಒಲೆ

ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬೆಳಗ್ಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ಕಡೆ ಹೋದರೂ ಮಟನ್ ಅಂಗಡಿಗಳ ಮುಂದೆ ಬುಸ್ಸೆಂದು ಉರಿಯುವ ಗ್ಯಾಸ್ ಗನ್ನಿನ ಸದ್ದು ಕಿವಿಗೆ ಬೀಳುತ್ತದೆ. ಗುಡ್ಡೆ ಬಾಡಿನ ಪಾಲು ಚೀಲಕ್ಕೆ ಹಾಕಿಕೊಂಡವರು ತಲೆ–ಕಾಲು ಸುಡಿಸಲು ಸರದಿಯಲ್ಲಿ ನಿಂತಿರುತ್ತಾರೆ. ಹಿಂದೆ ಇದೇ ಕೆಲಸವನ್ನು ಹಿತ್ತಲಲ್ಲಿ ತೆಂಗಿನ ಗರಿ, ಮಟ್ಟೆ ಉರಿಸಿ ಗಂಟೆಗಟ್ಟಲೆ ಮಾಡುತ್ತಿದ್ದರು. ಈಗ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಸಿಲಿಂಡರು ಉರಿಯ ಪಕ್ಕದಲ್ಲೇ ನಿಂತಿರುತ್ತದೆ, ಪೈಪು ರಸ್ತೆಯ ಮೇಲೆ ಬಿದ್ದಿರುತ್ತದೆ, ಅದರ ಮೇಲೆ ಬೈಕು ಹಾಯ್ದು ಹೋಗುತ್ತಿರುತ್ತದೆ.

ಬಯಲಲ್ಲಿ ಗ್ಯಾಸು ಉರಿಸಿ ಬಾಡು ಬೇಯಿಸುವುದು ನಮ್ಮ ಸೀಮೆಗೆ ಮೂರು ದಾರಿಯಲ್ಲಿ ಬಂದಿದೆ. ಮೊದಲನೆಯದು ಈ ಗ್ಯಾಸ್ ಗನ್ನು. ಎರಡನೆಯದು ಬೀಗರೂಟ, ಹರಕೆಯೂಟಗಳಿಗೆ ಅಡುಗೆ ಕಂಟ್ರಾಕ್ಟರುಗಳು ತರುವ ದೊಡ್ಡ ಬರ್ನರ್ ಒಲೆ. ಮೂರನೆಯದು ಹೊಸದು: ಕಾವೇರಿ ದಂಡೆಯ ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ, ಹೊರದೇಶದಿಂದ ವಾಪಸಾದ ಮಕ್ಕಳ ಮನೆಯ ಅಂಗಳದಲ್ಲಿ ಕಾಣತೊಡಗಿರುವ ಗ್ಯಾಸ್ ಬಾರ್ಬೆಕ್ಯೂ. ಮೂರಕ್ಕೂ ಸಿಲಿಂಡರು ಒಂದೇ, ಅಪಾಯವೂ ಒಂದೇ. ನಾವು ಬೆಂಕಿಯನ್ನು ಬದಲಾಯಿಸಿಕೊಂಡೆವು, ಬೆಂಕಿಯ ಮುಂದೆ ನಡೆದುಕೊಳ್ಳುವ ರೀತಿಯನ್ನು ಬದಲಾಯಿಸಿಕೊಳ್ಳಲಿಲ್ಲ. ಸೌದೆ ಒಲೆಗೆ ತಕ್ಕುದಾಗಿದ್ದ ರೂಢಿಗಳನ್ನೇ ಗ್ಯಾಸಿಗೂ ಹಚ್ಚುತ್ತಿದ್ದೇವೆ. ಅನಾಹುತಗಳ ಬೇರು ಬಹುಪಾಲು ಇಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಯಾರನ್ನೂ ದೂರುವಂತಿಲ್ಲ. ನಮ್ಮ ದೇಶದಲ್ಲಿ ಸಿಲಿಂಡರಿನ ಅಡುಗೆ ಅನಿಲ ಮೊದಲು ಬಂದದ್ದು 1955ರಲ್ಲಿ, ಮುಂಬೈಗೆ. ಇಂಡೇನ್ ಶುರುವಾದದ್ದು 1965ರಲ್ಲಿ, ಕೋಲ್ಕತ್ತಾದಲ್ಲಿ. ಬಡ ಮನೆಗಳಿಗೆ ಸಂಪರ್ಕ ಕೊಡುವ ಉಜ್ವಲಾ ಯೋಜನೆಗೆ ಚಾಲನೆ ಸಿಕ್ಕಿದ್ದು 2016ರ ಮೇ 1ರಂದು. ಸೌದೆಯ ಜೊತೆ ತಲತಲಾಂತರದಿಂದ ಬಾಳಿದವರಿಗೆ ಗ್ಯಾಸಿನ ಒಡನಾಟ ಒಂದೆರಡು ತಲೆಮಾರಿನದು ಮಾತ್ರ.

ತಗ್ಗು ಹುಡುಕುವ ಗ್ಯಾಸು

ಸೌದೆಯ ಬೆಂಕಿಯಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ. ಉರಿ ಎಲ್ಲಿದೆಯೋ ಅಪಾಯ ಅಲ್ಲೇ ಇದೆ. ಉರಿ ಆರಿದರೆ ಅಪಾಯವೂ ಆರಿದಂತೆ. ಗ್ಯಾಸಿನಲ್ಲಿ ಇದು ತಿರುಗುಮುರುಗು. ಉರಿ ಆರಿದಾಗಲೇ ಅಪಾಯ ಶುರು. ಜೋರು ಗಾಳಿ ಬೀಸಿ ಬರ್ನರ್ ಆರಿತು ಅಂದುಕೊಳ್ಳಿ. ನಾಬ್ ತೆರೆದೇ ಇರುವುದರಿಂದ ಗ್ಯಾಸು ಬರುತ್ತಲೇ ಇರುತ್ತದೆ. ಪ್ರೊಪೇನ್, ಬ್ಯೂಟೇನ್ ಬೆರೆತ ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯಂತೆ ಮೇಲೆ ಹೋಗಿ ಚದುರುವುದಿಲ್ಲ. ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಹೊತ್ತಿಕೊಳ್ಳಲು ಸಾಕು. ಅದಕ್ಕೆ ಸ್ವಂತ ವಾಸನೆಯೂ ಇಲ್ಲ. ನಮ್ಮ ಮೂಗಿಗೆ ಬಡಿಯುವ ಆ ಕೊಳೆತ ನಾತ, ಸೋರಿಕೆ ತಿಳಿಯಲೆಂದು ಬೇಕೆಂತಲೇ ಸೇರಿಸುವ ಈಥೈಲ್ ಮರ್ಕ್ಯಾಪ್ಟನ್‌ನದು.

ಹಾಗಾಗಿ ಒಲೆ ಇಡುವ ಜಾಗದ ಲೆಕ್ಕವೇ ಬೇರೆಯಾಗುತ್ತದೆ. ಸೌದೆ ಒಲೆಗೆ ಗುಂಡಿ ತೋಡಿ, ಸುತ್ತ ತಗಡು ನಿಲ್ಲಿಸಿ ಗಾಳಿ ತಡೆಯುವುದು ಜಾಣತನ. ಗ್ಯಾಸ್ ಒಲೆಯನ್ನು ಗುಂಡಿಯಲ್ಲಿಟ್ಟು ಸುತ್ತ ತಗಡು ಕಟ್ಟಿದರೆ ಸೋರಿದ ಗ್ಯಾಸು ಅಲ್ಲೇ ಮಡುಗಟ್ಟುತ್ತದೆ, ಜೊತೆಗೆ ತಗಡಿನ ಕಾವು ಪೈಪಿಗೆ ತಗಲುತ್ತದೆ. ನಮ್ಮ ಹಳ್ಳಿಗಳ ಅಂಗಳದಲ್ಲಿ ತಗ್ಗುಗಳಿಗೇನೂ ಬರವಿಲ್ಲ. ನೀರಿನ ಸಂಪು, ಚರಂಡಿ, ಹಳೆಯ ಮನೆಗಳ ಮುಂದೆ ರಾಗಿ ತುಂಬುತ್ತಿದ್ದ ಹಗೇವು, ಆಲೆಮನೆಯ ಒಲೆಗುಂಡಿ, ಇವೆಲ್ಲ ಗ್ಯಾಸು ಹೋಗಿ ಕೂರುವ ಜಾಗಗಳು. ಬಾಯಿ ಮುಚ್ಚಿದ ಹಗೇವಿನೊಳಗೆ ಸೇರಿದ ಗ್ಯಾಸನ್ನು ಗಾಳಿ ಹೊರಗೆ ಎಳೆಯುವುದಿಲ್ಲ. ಬಾರ್ಬೆಕ್ಯೂ ಆಗಲಿ, ಬರ್ನರ್ ಒಲೆಯಾಗಲಿ, ಸಮತಟ್ಟಾದ, ನಾಲ್ಕೂ ಕಡೆ ಬಯಲಾಗಿರುವ, ಸ್ವಲ್ಪ ಎತ್ತರದ ನೆಲದ ಮೇಲೆ ಇರಬೇಕು.

ತಲೆಯ ಮೇಲೂ ನೋಡಬೇಕು. ತೆಂಗಿನ ಗರಿಯ ಚಪ್ಪರ, ಶಾಮಿಯಾನದ ಬಟ್ಟೆ ಒಲೆಯ ಮೇಲೆ ಬರಕೂಡದು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಮನೆಯ ಪಕ್ಕದಲ್ಲೇ ಕಬ್ಬಿನ ಗದ್ದೆ. ಕಟಾವಾದ ಮೇಲೆ ಒಣ ತರಗು ನೆಲದ ಮೇಲೆ ಹಾಸಿರುತ್ತದೆ. ನಾಗಮಂಗಲ, ಕೆ.ಆರ್. ಪೇಟೆಯ ಕಡೆ ಹುಲ್ಲಿನ ಮೆದೆ. ಇವುಗಳಿಂದ ಕನಿಷ್ಠ ಹತ್ತು ಅಡಿ ದೂರ ಅನ್ನುವುದು ಗಾಳಿ ಇಲ್ಲದ ದಿನದ ಮಾತು. ಆಷಾಢದ ಗಾಳಿಯಲ್ಲಿ ಆ ದೂರ ಸಾಲದು. ಅಂಥ ದಿನ ಹೊರಗೆ ಉರಿ ಹಚ್ಚದಿರುವುದೇ ಮೇಲು. ಮಳೆ ಬಂತೆಂದು ಉರಿಯುವ ಬಾರ್ಬೆಕ್ಯೂವನ್ನು ಕಾರ್ ಶೆಡ್ಡಿನೊಳಗೆ ಎಳೆದುಕೊಳ್ಳುವುದನ್ನಂತೂ ಖಂಡಿತ ಮಾಡಬಾರದು. ಮುಚ್ಚಿದ ಜಾಗದಲ್ಲಿ ಉರಿಗೆ ಗಾಳಿ ಸಾಲದೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕೂತ ಜಾಗದಲ್ಲೇ ಜೀವ ತೆಗೆಯುತ್ತದೆ.

ಜೋಡಣೆ ಎಂದರೆ ಕೀಲುಗಳ ಕೆಲಸ

ಬಾರ್ಬೆಕ್ಯೂ ಡಬ್ಬಿ ಬಿಚ್ಚಿದಾಗ ಕಾಲು, ಚಕ್ರ, ಕಬ್ಬಿಣದ ತಳ, ಮುಚ್ಚಳ, ಕೊಳವೆಯಾಕಾರದ ಬರ್ನರುಗಳು, ಅವುಗಳ ಮೇಲೆ ಕೂರುವ ಬಾಗಿದ ತಗಡು, ಜಾಲರಿ, ಕೆಳಗಿನ ಜಿಡ್ಡಿನ ತಟ್ಟೆ, ಒಂದು ಚೀಲ ನಟ್ಟು ಬೋಲ್ಟು ಸಿಗುತ್ತವೆ. ಕಾಲು, ಚೌಕಟ್ಟಿನ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಕೂರಿಸಿ, ನೆಲದ ಮೇಲೆ ನಿಲ್ಲಿಸಿ, ಅಲುಗಾಡುವುದಿಲ್ಲ ಎಂದು ನೋಡಿಕೊಂಡ ಮೇಲೆ ಬಿಗಿ ಮಾಡಬೇಕು. ಒಂದೊಂದನ್ನೇ ಬಿಗಿ ಮಾಡುತ್ತ ಹೋದರೆ ಕೊನೆಯ ತೂತು ಕೂಡುವುದಿಲ್ಲ. ಇಷ್ಟನ್ನು ಊರಿನ ಯಾವ ಫಿಟ್ಟರ್ ಬೇಕಾದರೂ ಮಾಡಿಯಾನು.

ಎಚ್ಚರ ಬೇಕಾಗಿರುವುದು ಬರ್ನರಿನ ಕಡೆ. ಪ್ರತಿ ನಾಬಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತಿರುವ ಒಂದು ಜೆಟ್ ಇರುತ್ತದೆ. ಬರ್ನರ್ ಕೊಳವೆಯ ಬಾಯಿ ಆ ಜೆಟ್ಟಿನ ಮೇಲೆ ನೇರವಾಗಿ ಕೂರಬೇಕು. ಜೆಟ್ಟಿನಿಂದ ರಭಸವಾಗಿ ಬರುವ ಗ್ಯಾಸು ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಕೊಳವೆಯೊಳಗೆ ಹೋಗುತ್ತದೆ, ಆಮೇಲೆ ತೂತುಗಳಲ್ಲಿ ನೀಲಿಯಾಗಿ ಉರಿಯುತ್ತದೆ. ಕೊಳವೆ ಅರ್ಧ ಇಂಚು ಪಕ್ಕಕ್ಕೆ ಸರಿದಿದ್ದರೂ ಗ್ಯಾಸು ಹೊರಗೆ ಚೆಲ್ಲಿ ನಾಬಿನ ಹಿಂದೆಯೇ ಬೆಂಕಿ ಹತ್ತುತ್ತದೆ. ಜಾಲರಿ ಕೂರಿಸುವ ಮುನ್ನ ಟಾರ್ಚ್ ಹಿಡಿದು ಒಂದೊಂದು ಬರ್ನರನ್ನೂ ಬಗ್ಗಿ ನೋಡಬೇಕು.

ಹೊರದೇಶದಿಂದ ಹಡಗಿನ ಸಾಮಾನಿನ ಜೊತೆ ಬಾರ್ಬೆಕ್ಯೂ ತಂದವರಿಗೆ ಇನ್ನೊಂದು ತೊಡಕಿದೆ. ಅಮೆರಿಕದವು ಸುಮಾರು 27 ಮಿಲಿಬಾರ್ ಒತ್ತಡಕ್ಕೆ ಮಾಡಿದವು; ನಮ್ಮ ಮನೆ ರೆಗ್ಯುಲೇಟರು ಕೊಡುವುದು ಸುಮಾರು 30 ಮಿಲಿಬಾರ್. ಒತ್ತಡದಲ್ಲಿ ಅಂಥ ಅಂತರವಿಲ್ಲ, ಆದರೆ ಸಿಲಿಂಡರಿನ ಬಾಯಿಗೆ ಕೂರುವ ಕೀಲು ಪೂರ್ತಿ ಬೇರೆ. ಅಲ್ಲಿಯದು ತಿರುಪು ಹಾಕಿ ಬಿಗಿಯುವಂಥದು, ನಮ್ಮದು ಒತ್ತಿ ಕೂರಿಸುವಂಥದು. ಲೇತ್ ಅಂಗಡಿಯಲ್ಲಿ ಕೀಲು ಮಾಡಿಸಿ, ಸೀಲ್ ಟೇಪ್ ಸುತ್ತಿ, ಕ್ಲಿಪ್ ಬಿಗಿದು ಕೆಲಸ ಸಾಗಿಸುವವರಿದ್ದಾರೆ. ಇದು ನೀರಿನ ನಲ್ಲಿಯ ಕೆಲಸವಲ್ಲ. ಹಳೆಯ ಪೈಪು, ರೆಗ್ಯುಲೇಟರು ತೆಗೆದುಹಾಕಿ, ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕೈಯಲ್ಲಿ ಐ.ಎಸ್.ಐ. ಗುರುತಿನ ಪೈಪು, ಇಲ್ಲಿಯದೇ ರೆಗ್ಯುಲೇಟರು ಹಾಕಿಸಬೇಕು. ಪೈಪ್‌ಲೈನಿನ ನೈಸರ್ಗಿಕ ಅನಿಲಕ್ಕೆಂದು ಮಾಡಿದ ಬಾರ್ಬೆಕ್ಯೂ ಆಗಿದ್ದರೆ ಅದರ ಜೆಟ್ಟಿನ ತೂತು ದೊಡ್ಡದು. ಸಿಲಿಂಡರಿಗೆ ಜೋಡಿಸಿದರೆ ಉರಿ ಆಳೆತ್ತರ ಏಳುತ್ತದೆ. ಕಂಟ್ರಾಕ್ಟರುಗಳ ಹೈ ಪ್ರೆಶರ್ ರೆಗ್ಯುಲೇಟರು ದೊಡ್ಡ ಬರ್ನರಿಗೆ ಸರಿ, ಬಾರ್ಬೆಕ್ಯೂಗೆ ಎಂದೂ ಸಲ್ಲದು.

ಪೈಪಿನ ಮೇಲೆ ಅದನ್ನು ಯಾವಾಗ ಮಾಡಿದ್ದು ಎಂದು ಅಚ್ಚಾಗಿರುತ್ತದೆ. ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು 5 ವರ್ಷ, ನೋಡಲು ಎಷ್ಟೇ ಚೆನ್ನಾಗಿದ್ದರೂ ಸರಿ. ಸಿಲಿಂಡರಿನ ಕೊರಳಪಟ್ಟಿಯ ಒಳಬದಿಯಲ್ಲೂ ಒಂದು ಗುರುತು ಇದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಪಕ್ಕದಲ್ಲಿ ಇಸವಿಯ ಕೊನೆಯ ಎರಡು ಅಂಕಿ. ಆ ಅವಧಿಯೊಳಗೆ ಸಿಲಿಂಡರು ಮರುಪರೀಕ್ಷೆಗೆ ಹೋಗಬೇಕು. ಅವಧಿ ದಾಟಿದ್ದು ಬಂದರೆ ಇಳಿಸಿಕೊಳ್ಳದೆ ವಾಪಸು ಕಳಿಸುವ ಹಕ್ಕು ಗ್ರಾಹಕನಿಗಿದೆ. ಸೀಲ್ ತೆಗೆದ ಮೇಲೆ ವಾಲ್ವಿನೊಳಗೆ ಕಪ್ಪು ರಬ್ಬರಿನ ಬಳೆ, ಓ ರಿಂಗ್, ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಅದು ಸವೆದಿದ್ದರೆ, ಸೀಳಿದ್ದರೆ ಎಷ್ಟು ಒತ್ತಿ ಕೂರಿಸಿದರೂ ಗ್ಯಾಸು ಸೋರುತ್ತದೆ.

ಪಾಂಡವಪುರದ ಕಡೆಯ ಬೀಗರೂಟವೊಂದರಲ್ಲಿ ವಯಸ್ಸಾದ ಅಡುಗೆಯವರೊಬ್ಬರು ಕೆಲಸ ಶುರು ಮಾಡಿದ ಬಗೆ ನನಗೆ ಬಹಳ ಹಿಡಿಸಿತು. ಹುಡುಗ ಸಿಲಿಂಡರು ಜೋಡಿಸಿ ಬೆಂಕಿಪೊಟ್ಟಣಕ್ಕೆ ಕೈ ಹಾಕಿದ. "ಲೇ ಮಗ, ಕಡ್ಡಿ ಗೀರ್‌ಬ್ಯಾಡ. ಮೊದ್ಲು ಸೋಪಿನ್ ನೀರ್ ತತ್ತಾ" ಅಂದರು. ಲೋಟದಲ್ಲಿ ಪಾತ್ರೆ ಸೋಪು ಕದಡಿ, ಹಳೇ ಬಟ್ಟೆಯ ತುಂಡು ಅದ್ದಿ, ರೆಗ್ಯುಲೇಟರಿನ ಸುತ್ತ, ಪೈಪಿನ ಎರಡೂ ತುದಿಗೆ, ಒಲೆಯ ವಾಲ್ವಿಗೆ ಸವರಿದರು. ಪೈಪು ಒಲೆಗೆ ಸೇರುವ ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ಒಡೆದು ಮತ್ತೆ ಎದ್ದಿತು. "ನೋಡು, ಇಲ್ಲಿ ಉಸುರ್ ಬುಡ್ತಾ ಅದೆ" ಎಂದು ಸಿಲಿಂಡರು ಮುಚ್ಚಿಸಿ, ಕ್ಲಿಪ್ ಬದಲಾಯಿಸಿ, ಮತ್ತೆ ಸೋಪು ಸವರಿದರು. ಈ ಸಲ ಗುಳ್ಳೆ ಏಳಲಿಲ್ಲ. ಆಮೇಲೆಯೇ ಒಲೆ ಹಚ್ಚಿಸಿದ್ದು. ಇಷ್ಟಕ್ಕೆ ಹಿಡಿದದ್ದು ಎರಡು ಮೂರು ನಿಮಿಷ. ಕಡ್ಡಿ ಗೀರಿ ಕೀಲಿನ ಹತ್ತಿರ ಹಿಡಿದು ಸೋರಿಕೆ ನೋಡುವ ಕೆಟ್ಟ ಚಾಳಿ ಇನ್ನೂ ಇದೆ; ಅದು ಮನುಷ್ಯರ ಕೈ, ಮುಖ ಸುಟ್ಟಿದೆ.

ಹಚ್ಚುವುದು, ಬೇಯಿಸುವುದು, ಆರಿಸುವುದು

ಬಾರ್ಬೆಕ್ಯೂ ಹಚ್ಚುವಾಗ ಮುಚ್ಚಳ ಪೂರ್ತಿ ತೆರೆದಿರಬೇಕು. ಮುಚ್ಚಿಟ್ಟು ನಾಬ್ ತಿರುಗಿಸಿದರೆ ಗ್ಯಾಸು ಒಳಗೆ ತುಂಬುತ್ತದೆ, ಕಿಡಿ ತಗಲಿದ ಕ್ಷಣ ಮುಚ್ಚಳವೇ ಹಾರುತ್ತದೆ. ಮುಖ ಬಗ್ಗಿಸದೆ, ಒಂದು ಬರ್ನರನ್ನು ಮೊದಲು ಹಚ್ಚಿ, ಅದರ ಪಕ್ಕದ್ದನ್ನು ಆಮೇಲೆ ತೆರೆಯಬೇಕು. ನಾಲ್ಕೈದು ಸೆಕೆಂಡಿನಲ್ಲಿ ಹತ್ತಿಕೊಳ್ಳದಿದ್ದರೆ ನಾಬ್ ಮುಚ್ಚಿ, ಐದು ನಿಮಿಷ ಕಾದು, ಮತ್ತೆ ಪ್ರಯತ್ನಿಸಬೇಕು. ಸೌದೆಯೊಲೆ ಹತ್ತದಿದ್ದರೆ ಊದುಕೊಳವೆ ತೆಗೆದುಕೊಂಡು ಮುಂದೆ ಬಗ್ಗುವುದು ನಮ್ಮ ಅಭ್ಯಾಸ. ಇಲ್ಲಿ ಹಿಂದೆ ಸರಿದು ಕಾಯುವುದನ್ನು ಕಲಿಯಬೇಕು.

ಜಾಲರಿ ಹತ್ತು ಹದಿನೈದು ನಿಮಿಷ ಕಾಯಬೇಕು, ಇಲ್ಲದಿದ್ದರೆ ಬಾಡು ಅಂಟುತ್ತದೆ. ಎಣ್ಣೆಯನ್ನು ತುಂಡುಗಳಿಗೆ ಸವರಬೇಕೇ ಹೊರತು ಉರಿಯುವ ಜಾಲರಿಯ ಮೇಲೆ ಸುರಿಯಬಾರದು. ಒಂದು ಬದಿಯ ಬರ್ನರ್ ಜೋರಾಗಿಟ್ಟು, ಇನ್ನೊಂದು ಬದಿಯದನ್ನು ಆರಿಸಿಟ್ಟುಕೊಳ್ಳುವುದು ಒಳ್ಳೆಯ ಪದ್ಧತಿ. ಜೋರುರಿಯ ಮೇಲೆ ಮೈ ಕೆಂಪಾದ ತುಂಡನ್ನು ತಣ್ಣನೆಯ ಬದಿಗೆ ಸರಿಸಿ ಮುಚ್ಚಳ ಹಾಕಿದರೆ ಒಳಗೆ ನಿಧಾನವಾಗಿ ಬೇಯುತ್ತದೆ. ಕೋಳಿಯ ತೊಡೆಯ ಮೂಳೆಯ ಹತ್ತಿರ 74 ಡಿಗ್ರಿ ಸೆಲ್ಸಿಯಸ್ ಆಗದ ಹೊರತು ತಿನ್ನಬಾರದು.

ನಮ್ಮ ಕಡೆಯ ಕುರಿಗೆ ಈ ಎರಡು ಬದಿಯ ಪದ್ಧತಿ ಇನ್ನೂ ಹೆಚ್ಚು ಬೇಕು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ತಳಿ, ಜನರ ಬಾಯಲ್ಲಿ ಬನ್ನೂರು ಕುರಿ, ಹೆಸರಾಗಿರುವುದೇ ಮಾಂಸದೊಳಗೆ ಹರಡಿರುವ ಕೊಬ್ಬಿನಿಂದ. ಆ ಕೊಬ್ಬು ಕರಗಿ ಬರ್ನರಿನ ಮೇಲಿನ ತಗಡಿಗೆ ತೊಟ್ಟಿಕ್ಕಿದಾಗ ಉರಿ ಭಗ್ಗನೆ ಏಳುತ್ತದೆ. ನೀರು ಎರಚಬಾರದು, ಕಾದ ಜಿಡ್ಡಿಗೆ ನೀರು ಬಿದ್ದರೆ ಸಿಡಿದು ಮೈಮೇಲೆ ಬರುತ್ತದೆ. ತುಂಡನ್ನು ಆರಿದ ಬದಿಗೆ ಸರಿಸಿ, ಉರಿ ತಗ್ಗಿಸಿದರೆ ಸಾಕು. ಬಾಡಿನ ಮಾತೇ ಬೇಡ ಅನ್ನುವ ಮೇಲುಕೋಟೆಯಂಥ ಊರಿನವರಿಗೂ ಇದೇ ಜಾಲರಿ ಬಳಕೆಗೆ ಬರುತ್ತದೆ. ಮುಸುಕಿನ ಜೋಳ, ಗೆಣಸು, ಗೊಜ್ಜಿಗೆ ಸುಡುವ ಬದನೆಕಾಯಿ ಇದರ ಮೇಲೆ ಚೆನ್ನಾಗಿ ಆಗುತ್ತವೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಾರ್ಬೆಕ್ಯೂ ಜಾಲರಿಯನ್ನು ಪೂರ್ತಿ ಮುಚ್ಚುವಂಥ ತವಾವನ್ನೋ ಅಗಲ ಬಾಯಿಯ ಕೊಳಗವನ್ನೋ ಇಡುತ್ತಾರೆ. ಮೇಲೆ ಹೋಗಬೇಕಾದ ಕಾವು ಕೆಳಕ್ಕೆ ತಿರುಗಿ ನಾಬು, ವಾಲ್ವು, ಪೈಪುಗಳನ್ನು ಸುಡುತ್ತದೆ. ಸಿಲಿಂಡರು ಒಲೆಯ ಕೆಳಗೇ ಇದ್ದರೆ ಅದಕ್ಕೂ ತಗಲುತ್ತದೆ. ಪೈಪು ಸಡಿಲವಾಗಿ ಚಾಚುವಷ್ಟು ದೂರದಲ್ಲಿ, ಉರಿಯ ಪಕ್ಕಕ್ಕೆ, ನೆಟ್ಟಗೆ ಸಿಲಿಂಡರು ನಿಲ್ಲಿಸಬೇಕು.

ನೆಟ್ಟಗೆ ಎಂಬ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ದೊಡ್ಡ ಊಟಗಳಲ್ಲಿ ಸಿಲಿಂಡರನ್ನು ಅಡ್ಡ ಮಲಗಿಸುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಒಳಗೆ ಗ್ಯಾಸು ದ್ರವವಾಗಿರುತ್ತದೆ, ಆವಿಯಾಗಿ ಮೇಲಿನಿಂದ ಬರುತ್ತದೆ. ಆವಿಯಾಗಲು ಕಾವು ಬೇಕು. ಅದನ್ನು ಸಿಲಿಂಡರಿನ ಕಬ್ಬಿಣದಿಂದ, ಸುತ್ತಲಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ಭಾರಿ ಬರ್ನರುಗಳಿಗೆ ಒಂದೇ ಸಮನೆ ಗ್ಯಾಸು ಎಳೆದಾಗ ಸಿಲಿಂಡರಿನ ಮೈ ತಣ್ಣಗಾಗಿ ಹಿಮ ಕಟ್ಟುತ್ತದೆ, ಉರಿ ಸಣ್ಣಗಾಗುತ್ತದೆ. ಮುದ್ದೆಗೆ ಎಸರು ಕುದಿಯದೆ, ಪಂಕ್ತಿಯಲ್ಲಿ ಜನ ಕೂತಿರುವಾಗ ಅಡುಗೆಯವರಿಗೆ ಆಗುವ ಗಾಬರಿ ನನಗೆ ಅರ್ಥವಾಗುತ್ತದೆ. ಆಗ ಸಿಲಿಂಡರು ಮಲಗಿಸಿ ಉರುಳಿಸುತ್ತಾರೆ, ಕೆಲವರು ಕೆಂಡದ ಹತ್ತಿರಕ್ಕೆ ತರುತ್ತಾರೆ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ಆ ದ್ರವ ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗಿ ಆವಿಯಾಗುತ್ತದೆ, ಒಲೆಯ ಉರಿ ಎದುರಿಗಿರುವವರ ಮೇಲೆ ಬೀಳುತ್ತದೆ. ಇದಕ್ಕೆ ಸರಿಯಾದ ಪರಿಹಾರ ಮೊದಲೇ ಎರಡು ಮೂರು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಜೋಡಿಸಿಕೊಳ್ಳುವುದು. ಆಗ ಒಂದೊಂದರ ಮೇಲೂ ಎಳೆತ ಕಡಿಮೆಯಾಗುತ್ತದೆ. ಕಂಟ್ರಾಕ್ಟರುಗಳು, ಹೋಟೆಲಿನವರು ಬಳಸಬೇಕಾದದ್ದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರು, ಮನೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಕಾನೂನಿಗೂ ವಿರುದ್ಧ.

ಕೆಲಸ ಮುಗಿದಾಗ ಸಿಲಿಂಡರನ್ನು ಮೊದಲು ಮುಚ್ಚಿ, ಪೈಪಿನಲ್ಲಿ ಉಳಿದದ್ದು ಉರಿದು ಆರಿದ ಮೇಲೆ ನಾಬುಗಳನ್ನು ಮುಚ್ಚಬೇಕು.

ತಿಕ್ಕಿ ತೊಳೆಯುವ ಕೆಲಸ

ಜಾಲರಿ ಬಿಸಿ ಇರುವಾಗಲೇ ತೆಂಗಿನ ನಾರಿನಿಂದ ಉಜ್ಜಿದರೆ ಮಸಿ ಬಿಡುತ್ತದೆ, ನಾರನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಬೇಕು. ತಂತಿ ಬ್ರಷ್ಷಿನ ಎಳೆ ಜಾಲರಿಗೆ ಅಂಟಿ, ಬಾಡಿನ ಜೊತೆ ಗಂಟಲಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡವರಿದ್ದಾರೆ, ನಾರೇ ಸಾಕು. ಜಿಡ್ಡಿನ ತಟ್ಟೆಯನ್ನು ಪ್ರತಿ ಸಲವೂ ತೊಳೆಯಬೇಕು. ಬಾರ್ಬೆಕ್ಯೂಗೆ ಬೆಂಕಿ ಹತ್ತುವುದು ಹೆಚ್ಚಾಗಿ ಹಳೆಯ ಜಿಡ್ಡಿನಿಂದಲೇ.

ಉರಿಯ ಬಣ್ಣ ನೋಡಿದರೆ ಬರ್ನರಿನ ಆರೋಗ್ಯ ಗೊತ್ತಾಗುತ್ತದೆ. ನೀಲಿ ಇದ್ದರೆ ಸರಿ. ಹಳದಿಯಾಗಿ ಪಾತ್ರೆಯ ತಳ ಕರಿ ಹಿಡಿದರೆ ಗಾಳಿ ಸಾಲುತ್ತಿಲ್ಲ, ಗ್ಯಾಸು ದಂಡವಾಗುತ್ತಿದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಬರ್ನರಿನ ಕೊಳವೆಯೊಳಗೆ ಜೇಡ ಬಲೆ ನೇಯುತ್ತದೆ, ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ದಾರಿ ಕಟ್ಟಿದ ಗ್ಯಾಸು ಹಿಂದಕ್ಕೆ ಬಂದು ನಾಬಿನ ಬಳಿ ಹೊತ್ತಿಕೊಳ್ಳುತ್ತದೆ. ಹೊಸತೊಡಕಿಗೆ ಹೊರತೆಗೆದವರು ಬರ್ನರ್ ಬಿಚ್ಚಿ, ಉದ್ದ ಬ್ರಷ್ಷು ಹಾಕಿ ಕೊಳವೆ ಉಜ್ಜಿ, ಆಮೇಲೆ ಹಚ್ಚಬೇಕು. ಜೆಟ್ಟಿನ ತೂತಿಗೆ ದಬ್ಬಳ, ಪಿನ್ನು ಚುಚ್ಚಿ ದೊಡ್ಡದು ಮಾಡಬಾರದು.

ಹಿತ್ತಾಳೆ ಬರ್ನರ್ ತೊಳೆಯುವುದನ್ನು ಕಂಚು–ಹಿತ್ತಾಳೆ ಕೆಲಸಕ್ಕೆ ಹೆಸರಾದ ನಾಗಮಂಗಲದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಹುಣಸೆಹಣ್ಣಿನ ನೀರಿನಲ್ಲಿ ನೆನೆಸಿ ಉಜ್ಜಿದರೆ ಕಿಲುಬು ಬಿಡುತ್ತದೆ. ಬಿಸಿಲಲ್ಲಿ ಪೂರ್ತಿ ಒಣಗಿಸದೆ ಹಾಕಿದರೆ ಮಾತ್ರ ಉರಿ ಉಗ್ಗುತ್ತದೆ. ಪೈಪಿನ ವಿಷಯದಲ್ಲಿ ನಮ್ಮ ಸೀಮೆಗೆ ಇನ್ನೊಂದು ಶತ್ರು ಇಲಿ, ಹೆಗ್ಗಣ. ಕಬ್ಬಿನ ಗದ್ದೆಯ ಪಕ್ಕದ ಮನೆಯವರು ಪ್ರತಿ ಸಲ ಪೈಪನ್ನು ಬಗ್ಗಿಸಿ, ತಿರುಗಿಸಿ ಹಲ್ಲಿನ ಗುರುತು ಹುಡುಕಲೇಬೇಕು.

ಇಷ್ಟಾದರೂ ಸೋರಿಕೆಯಾದರೆ ಮಾಡಬೇಕಾದದ್ದು ಕಡಿಮೆ, ಆದರೆ ಅದೇ ಕ್ರಮದಲ್ಲಿ ಆಗಬೇಕು. ಸಿಲಿಂಡರು ಮುಚ್ಚಿ, ಸುತ್ತಲಿನ ಉರಿಗಳನ್ನೆಲ್ಲ ಆರಿಸಿ, ಶಾಮಿಯಾನದ ದೀಪದ ಸ್ವಿಚ್ಚು ಮುಟ್ಟದೆ, ಜನರನ್ನು ಗಾಳಿ ಬೀಸುವ ಎದುರು ದಿಕ್ಕಿಗೆ ಕಳಿಸಬೇಕು. ರೆಗ್ಯುಲೇಟರಿನ ಬಳಿ ಸಣ್ಣ ಉರಿ ಹತ್ತಿದರೆ ನೆನೆಸಿದ ಗೋಣಿಚೀಲ ಹೊದಿಸಿ ಕೂಡಲೇ ವಾಲ್ವ್ ಮುಚ್ಚಬೇಕು. ಮುಚ್ಚಲಾಗದಿದ್ದರೆ ಉರಿ ಆರಿಸುವ ಸಾಹಸ ಬೇಡ. ಆರಿಸಿದ ಮೇಲೆ ಸೋರುವ ಗ್ಯಾಸು ಉರಿಗಿಂತ ಕೆಟ್ಟದ್ದು. ದೂರ ಸರಿದು ಅಗ್ನಿಶಾಮಕದವರನ್ನು ಕರೆಯಬೇಕು. ಸುಟ್ಟ ಗಾಯಕ್ಕೆ ಇಂಕು, ಪೇಸ್ಟು, ಅರಿಶಿನ ಯಾವುದೂ ಬೇಡ, ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ಯಾಸ್ ಸೋರಿಕೆಗೆಂದೇ ಹಗಲೂ ರಾತ್ರಿ ಇರುವ ಸಹಾಯವಾಣಿ 1906, ಬೇರೆ ತುರ್ತಿಗೆ 112.

ಬೀಗರೂಟಕ್ಕೋ ಹರಕೆಗೋ ಅಡುಗೆಯವರನ್ನು ಗೊತ್ತು ಮಾಡುವಾಗ ನಾವು ಎಷ್ಟು ಮರಿ, ಎಷ್ಟು ಸೇರು ಅಕ್ಕಿ, ತಲೆಗೆಷ್ಟು ಕೂಲಿ ಎಂದೆಲ್ಲ ಕೇಳುತ್ತೇವೆ. ಅಡ್ವಾನ್ಸ್ ಕೈಗೆ ಕೊಡುವ ಮುನ್ನ ಅವರ ಪೈಪು ತರಿಸಿ, ಅದರ ಮೇಲಿನ ಇಸವಿಯನ್ನೂ ಓದಿ. ಐದು ವರ್ಷ ದಾಟಿದ್ದರೆ ಹೊಸದು ಹಾಕಿಸಿಕೊಂಡು ಬರಲು ಹೇಳಿ, ಅದರ ಖರ್ಚು ನೀವೇ ಕೊಟ್ಟರೂ ಸರಿ.